ಗಣಿತಕ್ಕೆ ಓದುಗರನ್ನು ಒದಗಿಸಿದ ಸಂಘ

1906ರ ಡಿಸೆಂಬರಿನಲ್ಲಿ ಗುತ್ತಿಯ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ತಮ್ಮ ಪರಿಚಯದ ಕೆಲವು ಗಣಿತಾಸಕ್ತರಿಗೆ ಒಂದು ಪತ್ರ ಬರೆದರು. ಗಣಿತದ ಹೊಸ ಪುಸ್ತಕಗಳಾಗಲಿ ವಿದೇಶದ ಪತ್ರಿಕೆಗಳಾಗಲಿ ನಮ್ಮ ಕೈಗೆ ಸಿಗುತ್ತಿಲ್ಲ, ನಾಲ್ಕು ಜನ ಸೇರಿ ಚಂದಾ ಹಾಕಿ ತರಿಸಿಕೊಂಡರೆ ಒಬ್ಬರಾದ ಮೇಲೆ ಒಬ್ಬರು ಓದಬಹುದು ಎಂಬುದು ಆ ಪತ್ರದ ಸಾರ. ಬಳ್ಳಾರಿಗೆ ದೂರವಲ್ಲದ, ಕೋಟೆಗೂ ಬಿಸಿಲಿಗೂ ಹೆಸರಾದ ಆ ಊರಿನಿಂದ ಹೊರಟ ಕಾಗದಕ್ಕೆ ಮದ್ರಾಸು, ಮುಂಬಯಿ, ಮೈಸೂರು ಸೀಮೆಗಳ ಕಾಲೇಜು ಮೇಷ್ಟರು ಓಗೊಟ್ಟರು. 1907ರ ಏಪ್ರಿಲ್‌ನಲ್ಲಿ ಅವರೆಲ್ಲ ಸೇರಿ ಕಟ್ಟಿಕೊಂಡ ಕೂಟವೇ 1910ರಲ್ಲಿ ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿ, ಅಂದರೆ ಭಾರತೀಯ ಗಣಿತ ಸಂಘ ಎಂಬ ಹೆಸರು ಪಡೆಯಿತು. ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಅದರ ಗ್ರಂಥಾಲಯ ನೆಲೆಗೊಂಡಿತು. ಅಲ್ಲಿಂದ ಪುಸ್ತಕ, ಪತ್ರಿಕೆಗಳು ಅಂಚೆಯಲ್ಲಿ ಸದಸ್ಯರ ಮನೆಗೆ ಹೋಗಿ ಬರುತ್ತಿದ್ದವು. 1909ರಿಂದ ಸಂಘ ತನ್ನದೇ ಪತ್ರಿಕೆಯನ್ನೂ ತಂದಿತು. ಈ ಚರಿತ್ರೆಯನ್ನು ಸಾಮಾನ್ಯವಾಗಿ ರಾಷ್ಟ್ರೀಯ ಹೆಮ್ಮೆಯ ಪ್ರಸಂಗವಾಗಿ ಹೇಳಿ ಮುಗಿಸುತ್ತಾರೆ. ಅದರಲ್ಲಿ ಇನ್ನೂ ಮುಖ್ಯವಾದ ಪಾಠವೊಂದಿದೆ ಎಂದು ನನಗೆ ತೋರುತ್ತದೆ. ಗಣಿತಜ್ಞರ ಸಂಘವೊಂದರ ಮೊದಲ ಕರ್ತವ್ಯ ಓದುಗರಿಲ್ಲದವನಿಗೆ ಓದುಗರನ್ನು ಒದಗಿಸುವುದು. ಸಮ್ಮೇಳನ, ಪ್ರಶಸ್ತಿ, ಸ್ಮಾರಕ ಉಪನ್ಯಾಸಗಳೆಲ್ಲ ಅದರ ನಂತರ ಬರತಕ್ಕವು. ನಮ್ಮ ಸಂಘ ತನ್ನ ಮೊದಲ ದಶಕದಲ್ಲಿ ಈ ಕರ್ತವ್ಯವನ್ನು ಅಸಾಧಾರಣವಾಗಿ ನೆರವೇರಿಸಿತು. ಇಂದು ನಮ್ಮ ಗಣಿತ ಲೋಕಕ್ಕೆ ಅತ್ಯಂತ ಕೊರತೆಯಾಗಿರುವುದೂ ಅದೇ.

ಗಣಿತಕ್ಕೆ ಓದುಗ ಅಷ್ಟು ಮುಖ್ಯನೇಕೆ? ರಸಾಯನಶಾಸ್ತ್ರಜ್ಞನಿಗೆ ಪ್ರಯೋಗಾಲಯ ಬೇಕು, ಖಗೋಳಶಾಸ್ತ್ರಜ್ಞನಿಗೆ ದೂರದರ್ಶಕ ಬೇಕು. ಗಣಿತಜ್ಞನಿಗೆ ಕಾಗದ ಪೆನ್ಸಿಲ್ ಸಾಕು ಎನ್ನುತ್ತಾರೆ. ಅದು ಅರ್ಧ ಸತ್ಯ. ತಾನು ಕಂಡುಕೊಂಡದ್ದು ನಿಜವೇ, ಹೊಸದೇ, ಬೆಲೆಯುಳ್ಳದ್ದೇ ಎಂಬ ಮೂರು ಪ್ರಶ್ನೆಗಳಿಗೂ ಒಂಟಿಯಾಗಿ ಕೂತವನು ಖಚಿತವಾಗಿ ಉತ್ತರ ಹೇಳಲಾರ. ಪ್ರಮೇಯದ ಸಾಧನೆ ಮತ್ತೊಬ್ಬ ತಿಳಿದವನ ಕಣ್ಣಿನಡಿ ಹಾದು ಬಂದಾಗಲೇ ಅದಕ್ಕೆ ಸಾಧನೆಯ ಸ್ಥಾನ ಸಿಗುವುದು. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಈ ಕಣ್ಣು ಎಷ್ಟು ದುರ್ಲಭವಾಗಿತ್ತೆಂಬುದಕ್ಕೆ ದೆಹಲಿ ಕಾಲೇಜಿನ ಅಧ್ಯಾಪಕ ರಾಮಚಂದ್ರರ ಕತೆಯೇ ಸಾಕ್ಷಿ. ಗರಿಷ್ಠ-ಕನಿಷ್ಠ ಬೆಲೆಗಳ ಸಮಸ್ಯೆಗಳನ್ನು ಕಲನಶಾಸ್ತ್ರದ ನೆರವಿಲ್ಲದೆ ಬರಿಯ ಬೀಜಗಣಿತದಿಂದ ಬಿಡಿಸುವ ಪುಸ್ತಕವೊಂದನ್ನು ಅವರು 1850ರಲ್ಲಿ ಪ್ರಕಟಿಸಿದರು. ಇಲ್ಲಿ ಅದಕ್ಕೆ ಸಿಕ್ಕಿದ್ದು ಅನಾದರ. ಪ್ರತಿಯೊಂದು ಲಂಡನ್ನಿನ ಅಗಸ್ಟಸ್ ಡಿ ಮಾರ್ಗನ್ ಅವರ ಕೈ ಸೇರಿದ್ದರಿಂದ, ಅವರು ಅದನ್ನು ಶ್ರದ್ಧೆಯಿಂದ ಓದಿದ್ದರಿಂದ, 1859ರಲ್ಲಿ ಅವರದೇ ಮುನ್ನುಡಿಯೊಡನೆ ಅಲ್ಲಿ ಮರುಮುದ್ರಣವಾಯಿತು. ಅದೇ ಡಿ ಮಾರ್ಗನ್ 1865ರಲ್ಲಿ ಲಂಡನ್ ಮ್ಯಾಥಮೆಟಿಕಲ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ದೆಹಲಿಯ ಮೇಷ್ಟರೊಬ್ಬರ ಗಣಿತವನ್ನು ತೂಗಿ ನೋಡಲು ಏಳು ಸಮುದ್ರದಾಚೆಯ ಒಬ್ಬ ಉದಾರಿಯೇ ಬೇಕಾಯಿತು. ಅಂಥ ಉದಾರಿಯ ಕಣ್ಣಿಗೆ ಬೀಳದೆ ಹೋದವರು ಎಷ್ಟು ಮಂದಿಯೋ, ಅವರ ಹೆಸರುಗಳು ನಮಗೆ ಉಳಿದಿಲ್ಲ.

ಇಂಥ ಓದುಗರನ್ನು ವಿಶ್ವವಿದ್ಯಾಲಯಗಳು ಒದಗಿಸಬಹುದಿತ್ತಲ್ಲ ಎಂದು ಕೇಳಬಹುದು. 1857ರಲ್ಲಿ ಹುಟ್ಟಿದ ಕಲ್ಕತ್ತ, ಮುಂಬಯಿ, ಮದ್ರಾಸ್ ವಿಶ್ವವಿದ್ಯಾಲಯಗಳು ದಶಕಗಳ ಕಾಲ ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಸಂಶೋಧನೆ ಅವುಗಳ ಕೆಲಸವೆಂದು ಆಳುವವರೂ ಎಣಿಸಿರಲಿಲ್ಲ, ಅಲ್ಲಿ ಓದಿದವರೂ ನಿರೀಕ್ಷಿಸಿರಲಿಲ್ಲ. ಕಲಿಸುವ ಕಾಲೇಜುಗಳಲ್ಲಿ ಒಬ್ಬಿಬ್ಬರು ಗಣಿತದ ಮೇಷ್ಟರು. ಪಠ್ಯದಾಚೆ ಏನಾದರೂ ಹೊಳೆದರೆ ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ. ರಾಮಸ್ವಾಮಿ ಅಯ್ಯರ್ ವಿದ್ಯಾರ್ಥಿಯಾಗಿದ್ದಾಗಲೇ ಲಂಡನ್ನಿನ ‘ಎಜುಕೇಷನಲ್ ಟೈಮ್ಸ್’ ಪತ್ರಿಕೆಗೆ ಗಣಿತದ ಬರಹಗಳನ್ನು ಕಳಿಸುತ್ತಿದ್ದರು. ಬರೆದವರು ಪ್ರೊಫೆಸರರೇ ಇರಬೇಕೆಂದು ಅಲ್ಲಿನ ಸಂಪಾದಕರು ಭಾವಿಸಿದ್ದರಂತೆ, ಸ್ನೇಹಿತರೂ ಕೊನೆಯವರೆಗೆ ಅವರನ್ನು ಪ್ರೊಫೆಸರ್ ಎಂದೇ ಕರೆದರು. ಕಂದಾಯ ಇಲಾಖೆಯ ಕಡತಗಳ ನಡುವೆ ದಿನ ಕಳೆಯುವ ಮನುಷ್ಯನಿಗೆ ತನ್ನ ಗಣಿತ ಓದಿಸಲು ಲಂಡನ್ನಿಗೇ ಕಳಿಸಬೇಕಾಗಿದ್ದ ಆ ಸ್ಥಿತಿಯಿಂದಲೇ ಸಂಘದ ಯೋಚನೆ ಹುಟ್ಟಿತೆನ್ನಬಹುದು. ಸರ್ಕಾರ ಕಟ್ಟಿದ್ದಲ್ಲ, ವಿಶ್ವವಿದ್ಯಾಲಯ ಕಟ್ಟಿದ್ದಲ್ಲ, ಯಾವ ಮಹಾರಾಜರ ದಾನದಿಂದಲೂ ಬಂದದ್ದಲ್ಲ. ಓದುವ ಹಸಿವಿದ್ದವರು ತಮ್ಮ ಜೇಬಿನಿಂದ ಹಣ ಹಾಕಿ ಕಟ್ಟಿದ್ದು.

ಈ ಪುಟ್ಟ ಸಂಘ ಏನು ಮಾಡಿತೆಂಬುದನ್ನು ತಿಳಿಯಲು 1910ರಿಂದ 1913ರವರೆಗಿನ ಕೆಲವು ಘಟನೆಗಳನ್ನು ಹತ್ತಿರದಿಂದ ನೋಡಬೇಕು. ಕುಂಭಕೋಣದಲ್ಲೂ ಮದ್ರಾಸಿನ ಪಚ್ಚೈಯಪ್ಪ ಕಾಲೇಜಿನಲ್ಲೂ ಎಫ್.ಎ. ಪರೀಕ್ಷೆ ಪಾಸಾಗದೆ, ಕೈಯಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ಶ್ರೀನಿವಾಸ ರಾಮಾನುಜನ್ 1910ರ ಕೊನೆಗೆ ತಿರುಕೋವಿಲೂರಿಗೆ ಹೋದರು. ಆಗ ಅಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದವರು ಇದೇ ರಾಮಸ್ವಾಮಿ ಅಯ್ಯರ್. ತರುಣ ಕೇಳಿದ್ದು ತಾಲ್ಲೂಕು ಕಚೇರಿಯಲ್ಲೊಂದು ಗುಮಾಸ್ತೆ ಕೆಲಸ. ಅಯ್ಯರ್ ಅವನ ನೋಟ್‌ಪುಸ್ತಕ ತಿರುವಿ ನೋಡಿ, ಇಂಥ ಪ್ರತಿಭೆಯನ್ನು ಕಂದಾಯ ಇಲಾಖೆಯ ಕೆಳಮೆಟ್ಟಿಲಲ್ಲಿ ಉಸಿರುಗಟ್ಟಿಸಲು ಮನಸ್ಸು ಬಾರದೆ, ಪರಿಚಯಪತ್ರ ಕೊಟ್ಟು ಮದ್ರಾಸಿಗೆ ಕಳಿಸಿದರು. ಅಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಪಿ.ವಿ. ಶೇಷು ಅಯ್ಯರ್, ಅವರ ಮೂಲಕ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್. ರಾಮಚಂದ್ರ ರಾಯರು ತಿಂಗಳಿಗೆ 25 ರೂಪಾಯಿ ಕೊಟ್ಟು ಅವನು ನಿಶ್ಚಿಂತೆಯಿಂದ ಗಣಿತ ಮಾಡಲು ಅನುವು ಮಾಡಿದರು. 1912ರ ಮಾರ್ಚಿನಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಕೆಲಸ ಸಿಕ್ಕಾಗ ಅಲ್ಲಿ ಮೇಲಧಿಕಾರಿಯಾಗಿದ್ದವರು ಎಸ್. ನಾರಾಯಣ ಅಯ್ಯರ್. 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಈ ಪದವಿಯಿಲ್ಲದ ಗುಮಾಸ್ತನಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಡುವಂತೆ ಮಾಡುವಲ್ಲಿ ಶ್ರಮಿಸಿದವರಲ್ಲಿ ಎಂಜಿನಿಯರಿಂಗ್ ಕಾಲೇಜಿನ ಬಿ. ಹನುಮಂತ ರಾವ್ ಮುಖ್ಯರು. ಈಗ ಈ ಹೆಸರುಗಳನ್ನೇ ಇನ್ನೊಮ್ಮೆ ನೋಡಿ. ರಾಮಸ್ವಾಮಿ ಅಯ್ಯರ್ ಸಂಘದ ಸ್ಥಾಪಕರು. ಹನುಮಂತ ರಾವ್ ಅದರ ಮೊದಲ ಅಧ್ಯಕ್ಷರು. ನಾರಾಯಣ ಅಯ್ಯರ್ ಅದರ ಖಜಾಂಚಿ. ರಾಮಚಂದ್ರ ರಾವ್ ಮತ್ತು ಶೇಷು ಅಯ್ಯರ್ ಇಬ್ಬರೂ ಮುಂದೆ ಅದರ ಅಧ್ಯಕ್ಷರಾದವರು. ರಾಮಾನುಜನ್‌ಗೆ ಸಿಕ್ಕ ನೆರವನ್ನು ಅದೃಷ್ಟದ ಸರಮಾಲೆಯೆಂಬಂತೆ ವರ್ಣಿಸುವುದು ವಾಡಿಕೆ. ಮೂರು ವರ್ಷ ಮೊದಲು ಈ ಜನರನ್ನು ಒಬ್ಬರಿಗೊಬ್ಬರು ಪರಿಚಿತರನ್ನಾಗಿ ಮಾಡಿದ ಸಂಘವೊಂದು ಇಲ್ಲದಿದ್ದರೆ ತಿರುಕೋವಿಲೂರಿನ ಪರಿಚಯಪತ್ರ ಯಾರ ಹೆಸರಿಗೆ ಹೋಗಬೇಕಿತ್ತು?

ಇವರೆಲ್ಲರಿಗಿಂತ ನಾನು ಹೆಚ್ಚು ಗೌರವಿಸುವ ವ್ಯಕ್ತಿ ಬೆಂಗಳೂರಿನವರು, ಸೆಂಟ್ರಲ್ ಕಾಲೇಜಿನ ಗಣಿತದ ಪ್ರಾಧ್ಯಾಪಕ ಎಂ.ಟಿ. ನಾರಾಯಣ ಅಯ್ಯಂಗಾರ್. ಸಂಘದ ಪತ್ರಿಕೆಯ ಸಂಪಾದಕರು ಅವರು. ಬರ್ನೂಲಿ ಸಂಖ್ಯೆಗಳ ಗುಣಗಳನ್ನು ಕುರಿತ ರಾಮಾನುಜನ್‌ರ ಮೊದಲ ಪ್ರಬಂಧ 1911ರಲ್ಲಿ ಅಚ್ಚಾದದ್ದು ಅವರ ಕೈಯಿಂದ. ಆ ಪ್ರಬಂಧ ಮೊದಲು ಬಂದಾಗ ಮಾಮೂಲಿ ಓದುಗನಿಗೆ ಎಟುಕುವಂತಿರಲಿಲ್ಲ. ಹೆಜ್ಜೆಗಳು ಬಿಟ್ಟುಹೋಗಿದ್ದವು, ಭಾಷೆ ಅಸ್ಪಷ್ಟವಾಗಿತ್ತು, ಸಾಧನೆ ಎಲ್ಲಿ ಮುಗಿಯಿತು ಊಹೆ ಎಲ್ಲಿ ಮೊದಲಾಯಿತು ಎಂಬುದೇ ತಿಳಿಯುತ್ತಿರಲಿಲ್ಲ. ಅದನ್ನು ತಿರಸ್ಕರಿಸಿ ಪಕ್ಕಕ್ಕಿಡುವುದು ಬಹಳ ಸುಲಭವಾಗಿತ್ತು, ಹಾಗೆ ಮಾಡಿದ್ದರೆ ಯಾರೂ ಅವರನ್ನು ತಪ್ಪುಗಾರರೆನ್ನುತ್ತಿರಲಿಲ್ಲ. ನಾರಾಯಣ ಅಯ್ಯಂಗಾರರು ಹಸ್ತಪ್ರತಿಯನ್ನು ತಿದ್ದುಪಡಿಗೆಂದು ವಾಪಸು ಕಳಿಸಿದರು, ಅದು ಬಂತು, ಮತ್ತೆ ಕಳಿಸಿದರು. ಹೀಗೆ ಬೆಂಗಳೂರಿಗೂ ಮದ್ರಾಸಿಗೂ ನಡುವೆ ಅದು ಮೂರು ಸಲ ಓಡಾಡಿ ಪ್ರಕಟಣೆಗೆ ತಕ್ಕ ರೂಪ ಪಡೆಯಿತು. ರಾಮಾನುಜನ್ ತಮ್ಮ ಗಣಿತವನ್ನು ಮತ್ತೊಬ್ಬರಿಗೆ ತಿಳಿಯುವಂತೆ ಬರೆಯುವ ಮೊದಲ ಪಾಠ ಕಲಿತದ್ದು ಈ ಓಡಾಟದಲ್ಲಿ, ಕೇಂಬ್ರಿಜ್ ನಂತರದ್ದು. ಮುಂದೆ ರಾಮಾನುಜನ್‌ರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಗಣಿತಜ್ಞ ಹಾರ್ಡಿಗೆ ಚರಿತ್ರೆಯಲ್ಲಿ ಸಿಕ್ಕಿರುವ ಸ್ಥಾನದ ನೂರರಲ್ಲೊಂದು ಪಾಲೂ ಈ ಸಂಪಾದಕರಿಗೆ ಸಿಕ್ಕಿಲ್ಲ. ಕನ್ನಡ ನಾಡಿನ ಶಾಲೆಗಳಲ್ಲಿ ಗಣಿತ ದಿನಾಚರಣೆ ನಡೆಯುವಾಗಲಾದರೂ ಅವರ ಹೆಸರು ಹೇಳಬೇಕು.

ಸಂಘಕ್ಕೆ ಇಷ್ಟು ಮನ್ನಣೆ ಕೊಡುವ ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ. ರಾಮಾನುಜನ್‌ರಂಥ ಪ್ರತಿಭೆ ಹೇಗಾದರೂ ಬೆಳಕಿಗೆ ಬರುತ್ತಿತ್ತು. ನಿಜವಾಗಿ ಗುರುತಿಸಿದ್ದು ಹಾರ್ಡಿ. ಸಂಘದ ಓದುಗರಿಗೆ ರಾಮಾನುಜನ್ ಅರ್ಥವಾಗಲೇ ಇಲ್ಲ ಎಂಬುದು ಆ ಆಕ್ಷೇಪ. ಇದರ ಕೊನೆಯ ಭಾಗವನ್ನು ನಾನು ಒಪ್ಪುತ್ತೇನೆ. 1911ರಲ್ಲಿ ಪತ್ರಿಕೆಯ ಪ್ರಶ್ನೆಗಳ ಪುಟದಲ್ಲಿ ರಾಮಾನುಜನ್ ಒಂದು ಸಮಸ್ಯೆ ಕೇಳಿದರು, ಪ್ರಶ್ನೆ ಸಂಖ್ಯೆ 289. ವರ್ಗಮೂಲದೊಳಗೆ ವರ್ಗಮೂಲ, ಅದರೊಳಗೆ ಮತ್ತೊಂದು, ಹೀಗೆ ಕೊನೆಯಿಲ್ಲದೆ ಹೋಗುವ ಪದದ ಬೆಲೆ ಎಷ್ಟು ಎಂಬುದು ಪ್ರಶ್ನೆ. ಆರು ತಿಂಗಳು ಕಳೆದರೂ ಯಾರೂ ಬಿಡಿಸಲಿಲ್ಲ, ಬೆಲೆ 3 ಎಂದು ಕೊನೆಗೆ ಅವರೇ ತೋರಿಸಿದರು. ಓದುಗರು ಬರಹಗಾರನಿಗೆ ಸಮರಾಗಿರಲಿಲ್ಲ, ನಿಜ. ಆದರೆ ಹಾರ್ಡಿಗಿಂತ ಮೊದಲು ಕೇಂಬ್ರಿಜ್‌ನ ಬೇಕರ್, ಹಾಬ್ಸನ್ ಇಬ್ಬರಿಗೂ ರಾಮಾನುಜನ್ ಪತ್ರ ಬರೆದಿದ್ದರೆಂಬುದನ್ನು ಮರೆಯಬಾರದು. ಅವರಿಂದ ಏನೂ ನೆರವಾಗಲಿಲ್ಲ. ಗೊತ್ತಿಲ್ಲದವನೊಬ್ಬ ದೂರದಿಂದ ಕಳಿಸಿದ ಸೂತ್ರಗಳ ಕಟ್ಟನ್ನು ದೊಡ್ಡ ವಿದ್ವಾಂಸರೂ ಓದದೆ ಬಿಡಬಲ್ಲರು. 1913ರ ಜನವರಿ 16ರ ಪತ್ರ ಹಾರ್ಡಿಯ ಮೇಜಿಗೆ ಬರುವವರೆಗೆ ರಾಮಾನುಜನ್ ಬದುಕಿ, ಊಟ ಮಾಡಿ, ಬರೆದು, ಅಚ್ಚಾದ ಲೇಖಕನೆನಿಸಿಕೊಂಡದ್ದು ಯಾರಿಂದ? ಪ್ರತಿಭೆ ಹೇಗಾದರೂ ಬೆಳಕಿಗೆ ಬರುತ್ತದೆಂಬ ಮಾತಿಗೆ ಬೆಳಕಿಗೆ ಬಂದವರನ್ನು ಬಿಟ್ಟು ಬೇರೆ ಸಾಕ್ಷಿಯಿಲ್ಲ, ಬಾರದವರು ಸಾಕ್ಷಿ ಹೇಳಲು ಬರುವುದಿಲ್ಲ.

ಇನ್ನು ಆ ಪ್ರಶ್ನೆಗಳ ಪುಟ. ರಾಮಾನುಜನ್ ಅಲ್ಲಿ ಐವತ್ತಕ್ಕೂ ಹೆಚ್ಚು ಪ್ರಶ್ನೆಗಳನ್ನು ಕೇಳಿದರು. ಅವುಗಳಲ್ಲಿ 464ನೆಯದು 1913ರಲ್ಲಿ ಬಂದದ್ದು, ಹೈಸ್ಕೂಲಿನ ಹುಡುಗಿಗೂ ಅರ್ಥವಾಗುವಂಥದು. 2ರ ಯಾವ ಘಾತದಿಂದ 7 ಕಳೆದರೆ ಪೂರ್ಣವರ್ಗ ಸಿಗುತ್ತದೆ? ಮೂರನೆಯ ಘಾತ 8, ಏಳು ಕಳೆದರೆ 1. ನಾಲ್ಕನೆಯದು 16, ಕಳೆದರೆ 9. ಐದನೆಯದು 32, ಕಳೆದರೆ 25. ಏಳನೆಯದು 128, ಕಳೆದರೆ 121, ಅಂದರೆ 11ರ ವರ್ಗ. ಆಮೇಲೆ ಹದಿನೈದನೆಯದು 32768, ಕಳೆದರೆ 32761, ಅದು 181ರ ವರ್ಗ. ಇವು ಐದೇ, ಮುಂದೆ ಎಷ್ಟೇ ಹುಡುಕಿದರೂ ಇಲ್ಲ ಎಂದು ರಾಮಾನುಜನ್‌ಗೆ ತೋರಿತ್ತು. ಅದನ್ನು ಸಾಧಿಸಿದವರು ನಾರ್ವೆಯ ಟ್ರಿಗ್ವೆ ನಾಗೆಲ್, 1948ರಲ್ಲಿ. ಇಂದು ಸಂಖ್ಯಾಸಿದ್ಧಾಂತದಲ್ಲಿ ಈ ಸಮೀಕರಣಕ್ಕೆ ರಾಮಾನುಜನ್–ನಾಗೆಲ್ ಎಂದೇ ಹೆಸರು. ಇದನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಸಂಘದ ಪತ್ರಿಕೆಯಲ್ಲಿ ಪ್ರಶ್ನೆಗಳ ಪುಟ ಹರಟೆಗೆಂದು ಇಟ್ಟ ಮೂಲೆಯಾಗಿರಲಿಲ್ಲ. ಪೂರ್ಣ ಪ್ರಬಂಧ ಬರೆಯುವ ಶಿಕ್ಷಣವಿಲ್ಲದವನು, ಅದಕ್ಕೆ ಸಮಯವಿಲ್ಲದ ಮೇಷ್ಟರು, ಕಚೇರಿ ಮುಗಿಸಿ ಮನೆಗೆ ಬಂದು ದೀಪದ ಬೆಳಕಿನಲ್ಲಿ ಲೆಕ್ಕ ಮಾಡುವ ಗುಮಾಸ್ತ, ಇವರೆಲ್ಲ ಗಣಿತದ ಮಾತುಕತೆಯೊಳಗೆ ಬರಲು ಇದ್ದ ಬಾಗಿಲು ಅದು. ದೇವಳಾಲಿಯ ಶಾಲಾ ಶಿಕ್ಷಕ ಡಿ.ಆರ್. ಕಾಪ್ರೇಕರ್ ತಾವು ಕಂಡ 6174 ಎಂಬ ಸಂಖ್ಯೆಯ ವಿಶೇಷವನ್ನು 1949ರ ಮದ್ರಾಸ್ ಗಣಿತ ಸಮ್ಮೇಳನದಲ್ಲಿ ಮಂಡಿಸಿದ್ದು ಇಂಥದೇ ಬಾಗಿಲಿನಿಂದ ಒಳಗೆ ಬಂದು. ಅವರದು ಆಳವಾದ ಗಣಿತವಲ್ಲವೆಂದು ಮೂಗು ಮುರಿದವರೂ ಇದ್ದರು. ಇಂದು ಜಗತ್ತಿನ ಎಷ್ಟೋ ದೇಶಗಳ ಮಕ್ಕಳು ಕಾಪ್ರೇಕರ್ ಸ್ಥಿರಾಂಕವೆಂದು ಹೆಸರಾದ ಆ ಸಂಖ್ಯೆಯಿಂದಲೇ ಗಣಿತದ ರುಚಿ ಹತ್ತಿಸಿಕೊಳ್ಳುತ್ತಿದ್ದಾರೆ.

ಸಂಘದ ಆ ಕಾಲದ ಓದುಗ ವರ್ಗ ಕಿರಿದಾಗಿತ್ತೆಂಬುದನ್ನು ಮುಚ್ಚಿಡಬಾರದು. ಮೇಲೆ ಬಂದ ಹೆಸರುಗಳನ್ನು ಓದಿದರೆ ಸಾಕು, ಬಹುಪಾಲು ಒಂದೇ ಜಾತಿಸ್ತರದ, ಇಂಗ್ಲಿಷ್ ವಿದ್ಯಾಭ್ಯಾಸದ ಗಂಡಸರು. ರಾಮಾನುಜನ್ ಬಡವರಾದರೂ ಆ ವಲಯಕ್ಕೆ ಹೊರಗಿನವರಲ್ಲ. ಅಪರಿಚಿತ ಕಲೆಕ್ಟರನ ಮನೆಯ ಜಗುಲಿಯವರೆಗೆ ಹೋಗಿ ನೋಟ್‌ಪುಸ್ತಕ ತೋರಿಸುವ ಧೈರ್ಯಕ್ಕೂ ಅವಕಾಶಕ್ಕೂ ಅದು ಒಂದು ಕಾರಣ. ಅಷ್ಟೇ ಪ್ರತಿಭೆಯಿದ್ದ ಒಬ್ಬ ದಲಿತ ಹುಡುಗನಿಗೆ, ಒಬ್ಬ ಹೆಣ್ಣುಮಗಳಿಗೆ 1910ರಲ್ಲಿ ಆ ದಾರಿ ತೆರೆದಿರಲಿಲ್ಲ. ಬೇರೆ ದೇಶಗಳ ಸಂಘಗಳಿಗೂ ಇಂಥ ಕಳಂಕಗಳಿವೆ. 1951ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮ್ಯಾಥಮೆಟಿಕಲ್ ಅಸೋಸಿಯೇಷನ್ ಆಫ್ ಅಮೆರಿಕಾದ ಪ್ರಾದೇಶಿಕ ಸಭೆ ನಡೆದಾಗ ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ಗಣಿತಜ್ಞರಿಗೆ ಔತಣಕೂಟದಲ್ಲಿ ಪ್ರವೇಶ ಸಿಗಲಿಲ್ಲ. ಅವರೂ ಅವರ ಸಹೋದ್ಯೋಗಿ ಲೀ ಲೋರ್ಚ್ ಅವರೂ ಸುಮ್ಮನಿರದೆ, ಭೇದಭಾವವನ್ನು ನಿಷೇಧಿಸುವ ನಿಯಮ ಬೇಕೆಂದು ರಾಷ್ಟ್ರೀಯ ಸಂಘಗಳನ್ನು ಲಿಖಿತವಾಗಿ ಒತ್ತಾಯಿಸಿದರು. ಸದಸ್ಯರ ಸಂಘಕ್ಕೆ ಈ ಒಂದು ಗುಣವಿದೆ. ತಪ್ಪು ಮಾಡಿದಾಗ ಅದರ ಮುಂದೆ ನಿಂತು ಪ್ರಶ್ನಿಸುವ ಹಕ್ಕು ಸದಸ್ಯನಿಗಿರುತ್ತದೆ. ಆದ್ದರಿಂದ ಹಳೆಯ ಸಂಘದ ಸಂಕುಚಿತತೆ ನನ್ನ ವಾದವನ್ನು ದುರ್ಬಲಗೊಳಿಸುವುದಿಲ್ಲ. ಕೆಲವೇ ಜನರ ಓದುಗ ಬಳಗ ಒಬ್ಬ ರಾಮಾನುಜನ್‌ನನ್ನು ಉಳಿಸಿತೆಂದರೆ, ಹತ್ತು ಪಟ್ಟು ಅಗಲವಾದ ಬಳಗ ಏನು ಮಾಡೀತೆಂದು ಕೇಳುವಂತೆ ಮಾಡುತ್ತದೆ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಚಿತ್ರ ಬದಲಾಯಿತು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹುಟ್ಟಿತು, ಕೆ. ಚಂದ್ರಶೇಖರನ್ ಅಲ್ಲಿ ಕಟ್ಟಿದ ಗಣಿತ ವಿಭಾಗ ಜಗತ್ತಿನ ಗಮನ ಸೆಳೆಯಿತು. ಇಲ್ಲಿಂದ ಮತ್ತೊಂದು ಆಕ್ಷೇಪ ಬರುತ್ತದೆ. ಗಂಭೀರ ಸಂಶೋಧನೆಗೆ ಬೇಕಾದದ್ದು ಹಣ, ಗ್ರಂಥಾಲಯ, ಒಂದೆಡೆ ಸೇರಿದ ಸಮರ್ಥರು; ಅದನ್ನು ಸಂಸ್ಥೆಗಳು ಒದಗಿಸಿದವು, ಸಂಘದ ಕಾಲ ಮುಗಿಯಿತು, ಅದರ ಪತ್ರಿಕೆಯಲ್ಲಿ ಪ್ರಕಟಿಸುವುದೆಂದರೆ ಹೂತಿಟ್ಟಂತೆ ಎಂಬ ಮಾತು. ಈ ಮಾತಿಗೆ ಆಧಾರವಿಲ್ಲದಿಲ್ಲ. ಎಸ್.ಎಸ್. ಪಿಳ್ಳೈ 1935–36ರ ಸುಮಾರಿಗೆ ವೇರಿಂಗ್ ಸಮಸ್ಯೆಯಲ್ಲಿ ಮಾಡಿದ ಮಹತ್ತ್ವದ ಕೆಲಸ ಭಾರತದ ಪತ್ರಿಕೆಗಳಲ್ಲಿ ಬಂತು. ಅದೇ ಹೊತ್ತಿಗೆ ಅಮೆರಿಕದ ಡಿಕ್ಸನ್ ಸ್ವತಂತ್ರವಾಗಿ ಅಲ್ಲಿಗೇ ತಲುಪಿದ್ದರು. ಪಿಳ್ಳೈಗೆ ಸಲ್ಲಬೇಕಾದ ಮನ್ನಣೆ ಬಹಳ ತಡವಾಗಿ ಬಂತು. ಆದರೆ ಇದೇ ಭಾರತೀಯ ಗಣಿತ ಸಂಘದ ಪತ್ರಿಕೆಯ 1956ರ ಸಂಪುಟದಲ್ಲಿ ಆಟ್ಲೆ ಸೆಲ್ಬರ್ಗ್ ತಮ್ಮ ಟ್ರೇಸ್ ಸೂತ್ರದ ಪ್ರಬಂಧ ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಸಂಖ್ಯಾಸಿದ್ಧಾಂತಕ್ಕೆ ಹೊಸ ದಾರಿ ತೋರಿದ ಬರಹ ಅದು. ಫೀಲ್ಡ್ಸ್ ಪದಕ ಪಡೆದ ಗಣಿತಜ್ಞರೊಬ್ಬರು ಅದನ್ನು ನಮ್ಮ ಪತ್ರಿಕೆಗೆ ಕೊಟ್ಟರು, ಜಗತ್ತು ಹುಡುಕಿಕೊಂಡು ಬಂದು ಅದನ್ನು ಇಲ್ಲೇ ಓದಿತು. ಆ ವರ್ಷ ಮುಂಬಯಿಯಲ್ಲಿ ಟಾಟಾ ಸಂಸ್ಥೆ ನಡೆಸಿದ ಅಂತರರಾಷ್ಟ್ರೀಯ ಗೋಷ್ಠಿಯ ಹಿನ್ನೆಲೆ ಅದಕ್ಕಿತ್ತು. ಸಂಸ್ಥೆಯೂ ಸಂಘವೂ ಕೈಜೋಡಿಸಿದಾಗ ಪತ್ರಿಕೆ ಎಲ್ಲಿಗೆ ಏರಬಲ್ಲದೆಂದು ಇದು ತೋರಿಸುತ್ತದೆ. ಅಂದಿನಿಂದೀಚೆಗೆ ಆ ಕೈಗಳು ಬೇರೆಯಾದವು. ಸಂಶೋಧನೆ ಕೆಲವೇ ಸಂಸ್ಥೆಗಳ ಆವರಣದೊಳಗೆ ಹೋಯಿತು, ದೇಶದ ಬಹುಪಾಲು ವಿದ್ಯಾರ್ಥಿಗಳು ಗಣಿತ ಕಲಿಯುವ ಪದವಿ ಕಾಲೇಜುಗಳು ಹೊರಗೆ ಉಳಿದವು. 1909ರ ಪತ್ರಿಕೆಯನ್ನು ಪ್ರೊಫೆಸರೂ ಡೆಪ್ಯುಟಿ ಕಲೆಕ್ಟರೂ ಒಟ್ಟಿಗೆ ಓದುತ್ತಿದ್ದರು. ಇಂದು ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರ ಗಣಿತಜ್ಞೆಗೂ ಯಾದಗಿರಿಯ ಸರ್ಕಾರಿ ಕಾಲೇಜಿನ ಉಪನ್ಯಾಸಕನಿಗೂ ಒಟ್ಟಿಗೆ ಓದುವಂಥ ಒಂದು ಪುಟವೂ ಇಲ್ಲ.

ಈ ಕಂದಕವನ್ನು ಮುಚ್ಚಲು ಪ್ರಯತ್ನಗಳೇ ನಡೆದಿಲ್ಲವೆಂದರೆ ಅನ್ಯಾಯವಾದೀತು. 1983ರಲ್ಲಿ ಪರಮಾಣು ಶಕ್ತಿ ಇಲಾಖೆಯಡಿ ಉನ್ನತ ಗಣಿತದ ರಾಷ್ಟ್ರೀಯ ಮಂಡಳಿ ಬಂತು, 1985ರಲ್ಲಿ ರಾಮಾನುಜನ್ ಮ್ಯಾಥಮೆಟಿಕಲ್ ಸೊಸೈಟಿ ಹುಟ್ಟಿತು, 1993ರಿಂದ ಎಂಟಿಟಿಎಸ್ (ಗಣಿತ ತರಬೇತಿ ಮತ್ತು ಪ್ರತಿಭಾನ್ವೇಷಣೆ) ಬೇಸಿಗೆ ಶಿಬಿರಗಳು ಸಾಮಾನ್ಯ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳಿಗೆ ನಿಜವಾದ ಗಣಿತವನ್ನು ಮೊದಲ ಬಾರಿಗೆ ತೋರಿಸಿವೆ. ಸಂಘವೂ 1933ರಿಂದ ‘ದಿ ಮ್ಯಾಥಮೆಟಿಕ್ಸ್ ಸ್ಟೂಡೆಂಟ್’ ಎಂಬ ಎರಡನೆಯ ಪತ್ರಿಕೆ ತರುತ್ತಿದೆ. ಆದರೂ ಮಂಡಳಿಯ ಹಣ ಸರ್ಕಾರದ್ದು, ಶಿಬಿರ ವಿದ್ಯಾರ್ಥಿಯ ಬದುಕಿನಲ್ಲಿ ಕೆಲವು ವಾರಗಳದ್ದು. ವರ್ಷವಿಡೀ, ಉದ್ಯೋಗದ ಉದ್ದಕ್ಕೂ, ಯಾರ ಅನುಮತಿಯೂ ಬೇಡದೆ ಜೊತೆಗಿರಬಲ್ಲದ್ದು ಸದಸ್ಯರೇ ನಡೆಸುವ ಸಂಘವೊಂದೇ. ಸರ್ಕಾರಗಳು ಹದಗೆಟ್ಟಾಗ ಇದರ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಜರ್ಮನಿಯಿಂದ ಹೊರಡುತ್ತಿದ್ದ ಗಣಿತ ವಿಮರ್ಶೆಗಳ ಪತ್ರಿಕೆ ‘ಝೆಂಟ್ರಾಲ್‌ಬ್ಲಾಟ್’ 1938ರಲ್ಲಿ ಯೆಹೂದಿಯೆಂಬ ಕಾರಣಕ್ಕೆ ಲೆವಿ-ಚಿವಿತಾ ಅವರನ್ನು ಸಂಪಾದಕ ಮಂಡಳಿಯಿಂದ ತೆಗೆದಾಗ ಸಂಪಾದಕ ಓಟೊ ನಾಯ್ಗೆಬಾವರ್ ರಾಜೀನಾಮೆ ಕೊಟ್ಟರು. ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿ ಅವರ ಜೊತೆ ನಿಂತು 1940ರಲ್ಲಿ ‘ಮ್ಯಾಥಮೆಟಿಕಲ್ ರಿವ್ಯೂಸ್’ ಆರಂಭಿಸಿತು. ಜಗತ್ತಿನಲ್ಲಿ ಎಲ್ಲಿ ಯಾರು ಏನು ಸಾಧಿಸಿದರೂ ಅದನ್ನು ಒಬ್ಬ ತಜ್ಞ ಓದಿ ಸಾರಾಂಶ ಬರೆಯುವ ಆ ವ್ಯವಸ್ಥೆ ಇಂದಿಗೂ ನಡೆಯುತ್ತಿದೆ.

ಅಂತರ್ಜಾಲ ಬಂದ ಮೇಲೆ ಇದೆಲ್ಲ ಏಕೆ ಬೇಕು ಎಂಬುದು ಇಂದಿನ ತರುಣರ ಪ್ರಶ್ನೆ. 1991ರಿಂದ ಆರ್ಕೈವ್ ಎಂಬ ತೆರೆದ ಭಂಡಾರವಿದೆ, ಜಗತ್ತಿನ ಹೊಸ ಗಣಿತ ಪ್ರಬಂಧಗಳಲ್ಲಿ ಬಹಳಷ್ಟು ಅಲ್ಲಿ ಉಚಿತ. ರಾಮಸ್ವಾಮಿ ಅಯ್ಯರ್ ಪತ್ರದಲ್ಲಿ ತೋಡಿಕೊಂಡ ಪುಸ್ತಕಗಳ ಬರ ಇಂದು ಇಲ್ಲ, ಒಪ್ಪುತ್ತೇನೆ. ಓದಲು ಸಿಗುವುದು ಬೇರೆ, ನಮ್ಮನ್ನು ಓದುವವರು ಸಿಗುವುದು ಬೇರೆ. ಬರೆದು ಏರಿಸಿದ್ದನ್ನು ಯಾರಾದರೂ ಶ್ರದ್ಧೆಯಿಂದ ಓದಿ, ಇಲ್ಲಿ ಹೆಜ್ಜೆ ತಪ್ಪಿದೆ, ಇದು ಈಗಾಗಲೇ ತಿಳಿದದ್ದು, ಇದನ್ನು ಹೀಗೆ ಮುಂದುವರಿಸಿ ಎಂದು ಹೇಳುವುದು ಹಿಂದಿಗಿಂತ ದುರ್ಲಭವಾಗಿದೆ. ಅದರ ಮೇಲೆ, ಯುಜಿಸಿಯ 2010ರ ನಿಯಮಾವಳಿ ಅಧ್ಯಾಪಕರ ಬಡ್ತಿಗೆ ಪ್ರಕಟಿತ ಲೇಖನಗಳ ಅಂಕಗಳನ್ನು ಜೋಡಿಸಿದ ಮೇಲೆ, ದುಡ್ಡು ಪಡೆದು ಏನನ್ನಾದರೂ ಅಚ್ಚು ಹಾಕುವ ನಕಲಿ ಪತ್ರಿಕೆಗಳಿಗೆ ನಮ್ಮ ಕಾಲೇಜುಗಳೇ ಗಿರಾಕಿಗಳಾದವು. ಅಂಥ ಪತ್ರಿಕೆಯಲ್ಲಿ ಬಂದ ಲೇಖನವನ್ನು ಸಂಪಾದಕನೂ ಓದಿರುವುದಿಲ್ಲ. ಒಬ್ಬ ಪ್ರಾಮಾಣಿಕ ಯುವ ಅಧ್ಯಾಪಕಿಗೆ ಇದಕ್ಕಿಂತ ದೊಡ್ಡ ಅವಮಾನ ಏನಿದೆ? ತಾನು ಬರೆದದ್ದು ಸರಿಯೋ ತಪ್ಪೋ ಎಂದು ಹೇಳುವವರೇ ಇಲ್ಲದೆ ಅವಳ ಹೆಸರಿಗೆ ಅಂಕ ಮಾತ್ರ ಸೇರುತ್ತದೆ. ಈ ಪಿಡುಗಿಗೆ ಪಟ್ಟಿ ಮಾಡಿ ನಿಷೇಧ ಹಾಕುವುದರಿಂದ ಅಷ್ಟಾಗಿ ಉಪಯೋಗವಾಗಲಾರದು. ನಿಜವಾದ ಓದನ್ನು ಸುಲಭವಾಗಿ ಸಿಗುವಂತೆ ಮಾಡಿದರೆ ಸುಳ್ಳು ಓದಿನ ಅಂಗಡಿಗೆ ಹೋಗುವವರು ಕಡಿಮೆಯಾಗುತ್ತಾರೆ.

ಭಾಷೆಯ ಮಾತನ್ನು ಇಲ್ಲಿ ಎತ್ತಲೇಬೇಕು. ನಾರಾಯಣ ಅಯ್ಯಂಗಾರರು ಸೆಂಟ್ರಲ್ ಕಾಲೇಜಿನಲ್ಲಿ ಕೂತು ಇಂಗ್ಲಿಷ್ ಪತ್ರಿಕೆಯ ಕರಡು ತಿದ್ದುತ್ತಿದ್ದ ವರ್ಷಗಳಲ್ಲೇ, ಅದೇ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಆರಂಭಿಸಿದರು. ಅದು ಎರಡೇ ವರ್ಷ ನಡೆದು ನಿಂತಿತು. ಈ ಎರಡು ಪ್ರಯತ್ನಗಳು ಒಂದೇ ಪ್ರಾಂಗಣದಲ್ಲಿ ಇದ್ದೂ ಒಂದನ್ನೊಂದು ಕೂಡಿಕೊಳ್ಳದೆ ಹೋದದ್ದು ನಮ್ಮ ದೊಡ್ಡ ನಷ್ಟ. ಜಪಾನಿನಲ್ಲಿ ನಡೆದದ್ದೇ ಬೇರೆ. ನಮಗಿಂತ ಮೂವತ್ತು ವರ್ಷ ಮೊದಲು, 1877ರಲ್ಲಿ, ಅಲ್ಲಿ ಟೋಕಿಯೊ ಗಣಿತ ಸಂಘ ಹುಟ್ಟಿತು. ಹಳೆಯ ದೇಶೀ ಪದ್ಧತಿಯ ಗಣಿತಿಗಳೂ ಪಾಶ್ಚಾತ್ಯ ಗಣಿತ ಕಲಿತವರೂ ಒಟ್ಟಿಗೆ ಅದರ ಸದಸ್ಯರಾದರು, ಸಂಘದ ಪತ್ರಿಕೆ ಜಪಾನಿ ಭಾಷೆಯಲ್ಲೇ ಬಂತು. ಉನ್ನತ ಗಣಿತ ದೇಶಭಾಷೆಯಲ್ಲಿ ಸಾಧ್ಯವಿಲ್ಲವೆನ್ನುವವರಿಗೆ ಗಣಿತಜ್ಞ ತೇಜಿ ತಕಗಿ ಉತ್ತರ. ತಮ್ಮ ಕ್ಲಾಸ್ ಫೀಲ್ಡ್ ಸಿದ್ಧಾಂತದ 1920ರ ಪ್ರಬಂಧವನ್ನು ಜಗತ್ತು ಓದಲೆಂದು ಯುರೋಪಿನ ಭಾಷೆಯಲ್ಲಿ ಬರೆದ ಅವರೇ, ತಮ್ಮ ನಾಡಿನ ಹುಡುಗರಿಗೆಂದು ಜಪಾನಿಯಲ್ಲಿ ಶ್ರೇಷ್ಠ ಪಠ್ಯಗಳನ್ನು ಬರೆದರು. ಸಂಶೋಧನಾ ಪ್ರಬಂಧಗಳನ್ನು ಕನ್ನಡದಲ್ಲಿ ಬರೆಯಿರಿ ಎಂದು ನಾನು ಹೇಳುತ್ತಿಲ್ಲ; ಅದರಿಂದ ಓದುಗರು ಕಡಿಮೆಯಾಗುತ್ತಾರೆ, ನನ್ನ ವಾದಕ್ಕೇ ಅದು ವಿರುದ್ಧ. ಪ್ರಶ್ನೆಗಳ ಪುಟ, ಪರಿಚಯ ಲೇಖನ, ಸಾಧನೆಯನ್ನು ಬರೆಯುವ ಬಗೆ ಕಲಿಸುವ ಪಾಠ ಇವು ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ, ಒಡಿಯಾದಲ್ಲಿ ಇರಬೇಕು. 2ರ ಘಾತದಿಂದ 7 ಕಳೆಯುವ ಪ್ರಶ್ನೆಗೆ ಇಂಗ್ಲಿಷೇ ಬೇಕೆಂಬುದೇನೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎಸ್ಸಿ.ಗೆ ಸೇರುವ ಹುಡುಗಿಗೆ ಗಣಿತ ಕಷ್ಟವಾಗುವುದು ಎಷ್ಟೋ ಬಾರಿ ಗಣಿತದಿಂದಲ್ಲ.

ಆದ್ದರಿಂದ ಭಾರತೀಯ ಗಣಿತ ಸಂಘದಲ್ಲೂ ಅದರ ಸೋದರ ಸಂಘಗಳಲ್ಲೂ ಜವಾಬ್ದಾರಿ ಹೊತ್ತಿರುವವರಲ್ಲಿ ನನ್ನದೊಂದು ವಿನಂತಿ. ಪ್ರಶ್ನೆಗಳ ಪುಟವನ್ನು ಪತ್ರಿಕೆಯ ಮುಂಭಾಗಕ್ಕೆ ತನ್ನಿ, ನಮ್ಮ ಭಾಷೆಗಳಲ್ಲಿ ತನ್ನಿ. ಸಂಶೋಧನಾ ಸಂಸ್ಥೆಗಳ ಪ್ರತಿಯೊಬ್ಬ ಗಣಿತಜ್ಞ ವರ್ಷಕ್ಕೆ ಒಂದಾದರೂ ಹಸ್ತಪ್ರತಿಯನ್ನು, ಹೆಸರಿಲ್ಲದ ಕಾಲೇಜಿನಿಂದ ಬಂದದ್ದನ್ನು, ಕೊನೆಯವರೆಗೆ ಓದಿ ತಿದ್ದಿ ವಾಪಸು ಕಳಿಸುವ ಹೊಣೆ ಹೊರಲಿ. ಸಂಘದ ವಾರ್ಷಿಕ ವರದಿಯಲ್ಲಿ ಎಷ್ಟು ಉಪನ್ಯಾಸಗಳಾದವು ಎಂಬುದರ ಜೊತೆಗೆ, ಎಷ್ಟು ಹಸ್ತಪ್ರತಿಗಳನ್ನು ತಿದ್ದಿ ಬರೆದವರಿಗೆ ಕಳಿಸಿದೆವು, ಅವುಗಳಲ್ಲಿ ಎಷ್ಟು ಮೂರನೆಯ ಸಲ ಬಂದಾಗ ಅಚ್ಚಾದವು ಎಂಬ ಲೆಕ್ಕವೂ ಇರಲಿ.